ಮಾವನ ಒಪ್ಪಿಗೆ

ಹೆರಿಗೆಯ ವೈದ್ಯಕೀಯ ಕಲಿಯುವುದೆಂದರೆ ಕೈ ಪಳಗಿಸುವುದು ಅಂತ ಎಣಿಸಿ ಹೋದವಳು ನಾನು. ಮಂಗಳೂರಿನ ಆ ಆಸ್ಪತ್ರೆಯಲ್ಲಿ ಮೊದಲು ಕಲಿತದ್ದು ಕಾಯುವುದನ್ನು. ನೋವು ಏರಲಿಕ್ಕೆ ಕಾಯಬೇಕು, ದೊಡ್ಡ ಡಾಕ್ಟ್ರಮ್ಮ ಬರಲಿಕ್ಕೆ ಕಾಯಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಮನೆಯವರ ಒಪ್ಪಿಗೆಗೆ ಕಾಯಬೇಕು. ಅರವತ್ತರ ದಶಕದ ಸುರುವಿನ ಮಾತು ಇದು.

ನಮ್ಮ ಕ್ರಿಸ್ತುವರ ಮನೆಗಳಲ್ಲಾದರೆ ಗಂಡನ ಒಂದು ಮಾತು ಸಾಕು. ಅಳಿಯಸಂತಾನದವರಲ್ಲಿ ಹಾಗಲ್ಲ. ಹೆಂಗಸು ತಾಯಿಯ ಮನೆತನಕ್ಕೆ ಸೇರಿದವಳು, ಅವಳ ಮಕ್ಕಳೂ ಅದಕ್ಕೇ. ಯಜಮಾನ ಅವಳ ಸೋದರಮಾವ. ಹಿಂದೊಮ್ಮೆ ಗಂಡನ ಮಾತು ಕೇಳಿ ಹೊಟ್ಟೆ ಕೊಯ್ದದ್ದಕ್ಕೆ ಒಬ್ಬ ಯಜಮಾನ ಬಂದು ವಾರ್ಡಿನಲ್ಲಿ ದೊಡ್ಡ ರಂಪ ಮಾಡಿದ್ದನಂತೆ. ಅಂದಿನಿಂದ ಡಾಕ್ಟ್ರಮ್ಮನದು ಕಟ್ಟುನಿಟ್ಟು: ಅಂಥ ಮನೆಯವರಾದರೆ ಮಾವ ಹೇಳದೆ ಕೊಯ್ಯುವಂತಿಲ್ಲ.

ಆ ಹೆಂಗಸು ಬೆಳಿಗ್ಗೆ ಪಡೀಲಿನಿಂದ ಟ್ಯಾಕ್ಸಿಯಲ್ಲಿ ಬಂದಳು. ಎರಡು ಗಂಡು ಹೆತ್ತವಳು, ಇದು ಮೂರನೆಯದು. ಮನೆತನದಲ್ಲಿ ಅವಳೊಬ್ಬಳೇ ಹೆಣ್ಣು. ಅವಳಿಗೊಂದು ಹೆಣ್ಣು ಹುಟ್ಟದಿದ್ದರೆ ಮನೆ ಅಲ್ಲಿಗೇ ಮುಗಿಯಿತು. ಕದ್ರಿ ದೇವರಿಗೆ ಹರಕೆಯೂ ಆಗಿತ್ತು. ಮಗು ಅಡ್ಡ ಮಲಗಿತ್ತು, ಒಂದು ಕೈ ಹೊರಗೆ ಬಂದಿತ್ತು. ಮರದ ಕೊಳವೆ ಹೊಟ್ಟೆಗಿಟ್ಟು ಕಿವಿಗೊಟ್ಟೆ. ಎದೆಬಡಿತ ಚೆನ್ನಾಗಿತ್ತು. ಬೇಗ ಆಪರೇಷನ್ ಮಾಡಿದರೆ ಇಬ್ಬರೂ ಉಳಿಯುತ್ತಿದ್ದರು.

ಗಂಡ ಬಾಗಿಲಲ್ಲೇ ನಿಂತಿದ್ದ. "ನಾನು ಎಂತ ಹೇಳ್ಲಿಕ್ಕೆ ಉಂಟು ಡಾಕ್ಟ್ರೇ? ಮಾವ ಹೇಳ್ಬೇಕು. ಕಾವೂರಿನಲ್ಲಿದ್ದಾರೆ, ಟ್ಯಾಕ್ಸಿ ಕಳಿಸಿದ್ದೇನೆ."

"ನಿಮ್ಮ ಹೆಂಡತಿ ಅಲ್ವಾ ಮಾರಾಯ್ರೇ!"

"ಹೆಂಡತಿಯೇ. ಆದರೆ ನಾನು ಹೇಳುವ ಕ್ರಮ ಇಲ್ಲ," ಅಂದು ನೆಲ ನೋಡಿದ. ಕೆನ್ನೆಗೆ ಎರಡು ಬಿಡುವಷ್ಟು ಸಿಟ್ಟು ಬಂತು ನನಗೆ.

ಡಾಕ್ಟ್ರಮ್ಮನಿಗೆ ಕೈಮುಗಿದೆ, ಕಾಲು ಹಿಡಿಯುವುದೊಂದು ಬಾಕಿ. "ಎಲ್ಲ ತಯಾರು ಮಾಡಿಸಿಡು, ಮಾವ ಬರಲಿ," ಅಂದರು. ನಾನು ಕಲಿಯುವವಳು. ಅವರನ್ನು ದಾಟಿ ಕೊಯ್ಯುವ ಹಾಗಿರಲಿಲ್ಲ.

ಹೆಂಗಸಿಗೆ ಇದೆಲ್ಲ ಕೇಳಿಸುತ್ತಿತ್ತು. ನನ್ನ ಕೈ ಹಿಡಿದೆಳೆದು, "ಹೊಟ್ಟೆ ನನ್ನದು ಡಾಕ್ಟ್ರಮ್ಮಾ. ನಾನು ಹೇಳ್ತೇನೆ, ಕೊಯ್ಯಿರಿ," ಅಂದಳು. ಗಟ್ಟಿಯಾಗಿಯೇ ಅಂದಳು. ಗಂಡ ಕೇಳಿದ, ನರ್ಸ್ ಕೇಳಿದಳು. "ನೋವಿನಲ್ಲಿ ಹೆಂಗಸರು ನೂರು ಹೇಳ್ತಾರೆ," ಅಂದರು ದೊಡ್ಡ ಡಾಕ್ಟ್ರಮ್ಮ.

ಹೊತ್ತು ನೆತ್ತಿಗೇರಿತು. ಮಾವನ ಸುದ್ದಿಯಿಲ್ಲ. ನೋವು ಒಂದರ ಮೇಲೊಂದು ಬರುತ್ತಿತ್ತು. ಒಮ್ಮೆ "ಅಪ್ಪೇ" ಅಂತ ತಾಯಿಯನ್ನು ಕರೆದು ಕಿರುಚಿದಳು. ಆಮೇಲೆ ಸುಮ್ಮನಾದಳು. ನೋವು ನಿಂತೇಹೋಗಿತ್ತು.

"ಅಬ್ಬಾ, ದೇವರು ಕಣ್ಣು ಬಿಟ್ಟ!" ಗಂಡನ ಮುಖ ಅರಳಿತು.

ನಾನು ಕೊಳವೆ ಕೈಗೆತ್ತಿಕೊಂಡೆ. ಗರ್ಭಕೋಶ ಒಡೆದಾಗ ನೋವು ಹೀಗೆಯೇ ನಿಲ್ಲುತ್ತದೆ. ಕೊಳವೆ ಇಟ್ಟು ಕಿವಿಗೊಟ್ಟೆ, ಜಾಗ ಬದಲಿಸಿ ಮತ್ತೆ ಇಟ್ಟೆ. ಎಂತದೂ ಕೇಳಲಿಲ್ಲ.

ಇನ್ನು ಯಾರ ಒಪ್ಪಿಗೆಯೂ ಬೇಕಾಗಲಿಲ್ಲ. ಡಾಕ್ಟ್ರಮ್ಮನೇ ಓಡಿ ಬಂದರು. ಹೊಟ್ಟೆ ತೆರೆದರೆ ತುಂಬ ರಕ್ತ, ಅದರ ನಡುವೆ ಜೀವವಿಲ್ಲದ ಮಗು. ಗರ್ಭಕೋಶ ಹೊಲಿಯುವ ಸ್ಥಿತಿಯಲ್ಲಿರಲಿಲ್ಲ, ತೆಗೆದರು. ಹೆಂಗಸು ಹೇಗೋ ಬದುಕಿದಳು.

ನಾನು ಹೊರಗೆ ಬರುವುದಕ್ಕೂ ಮಾವ ಟ್ಯಾಕ್ಸಿ ಇಳಿಯುವುದಕ್ಕೂ ಸರಿಹೋಯಿತು. ಯಾವುದೋ ಪಂಚಾಯಿತಿಗೆ ಹೋಗಿದ್ದವರನ್ನು ಹುಡುಕಿ ತಂದಿದ್ದರು. ಹಣೆಯ ಬೆವರೂ ಒರೆಸದೆ, "ಕೊಯ್ಯಿರಿ, ಕೊಯ್ಯಿರಿ! ನನಗೆ ಯಾಕೆ ಕಾದದ್ದು? ಬೇಡ ಅನ್ನುವಷ್ಟು ಮರುಳನಾ ನಾನು?" ಅಂದರು. ನಾನು ನಡೆದದ್ದು ಹೇಳಿದೆ.

"ಮಗು ಎಂತ?"

"ಹೆಣ್ಣು."

ಅವರು ಗೋಡೆಗೆ ಒರಗಿ ನೆಲದಲ್ಲೇ ಕೂತರು. ಬೆಳಿಗ್ಗೆಯಿಂದ ಆ ಮನುಷ್ಯನಿಗೆ ಹಾಕಿದ್ದ ಶಾಪಕ್ಕೆ ಲೆಕ್ಕವಿರಲಿಲ್ಲ. ಈಗ ಯಾರನ್ನು ಬೈಯುವುದೆಂದೇ ನನಗೆ ತಿಳಿಯಲಿಲ್ಲ.

ಹೆಂಗಸು ಮಾತಾಡುವಷ್ಟು ಚೇತರಿಸಿಕೊಳ್ಳಲು ಕೆಲವು ದಿನ ಹಿಡಿಯಿತು. ಬ್ಯಾಂಡೇಜ್ ಬದಲಿಸುವಾಗ ನನ್ನನ್ನೇ ನೋಡುತ್ತಿದ್ದಳು.

"ಡಾಕ್ಟ್ರಮ್ಮಾ, ಕೊಯ್ಯಿರಿ ಅಂತ ನಾನು ಹೇಳಿದ್ದು ನಿಮಗೆ ಕೇಳಿತ್ತಾ?"

"ಕೇಳಿತ್ತು ಅಕ್ಕಾ."

"ಹೌದಾ," ಅಂದಳು. "ನೋವಿನಲ್ಲಿ ನನಗೆ ಸ್ವರವೇ ಹೊರಡಲಿಲ್ಲವೋ ಏನೋ ಅಂತ ಎಣಿಸಿದ್ದೆ."