ಚಿಗವ್ವ ಗಾಡಿ ನಿಲ್ಲಿಸಿದ ದಿನ

ನಮ್ಮ ಕಡೆ ಹೆಂಗಸೊಬ್ಬಳು ಗೇರ್ ಗಾಡಿ ಹೊಡೆದುಕೊಂಡು ಬಂದರೆ ಹೊಲದಲ್ಲಿ ಕಳೆ ಕೀಳುವವರೂ ಎದ್ದು ನಿಂತು ನೋಡುತ್ತಿದ್ದ ಕಾಲವದು. ಬಹಳ ಹಿಂದಿನ ಮಾತೇನಲ್ಲ. ಬಸವಕಲ್ಯಾಣದ ಪೇಟೆಯಲ್ಲಿ ಸ್ಕೂಟಿಗಳು ಓಡಾಡುತ್ತಿದ್ದವು. ಆದರೆ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಮೋಟಾರ್ ಸೈಕಲ್ಲಿನ ಕಿಕ್ಕರ್ ಒದೆಯುವ ಹೆಂಗಸು ಮಂಠಾಳದ ಸುತ್ತಮುತ್ತ ಒಬ್ಬಳೇ ಇದ್ದಳು. ಅವಳೇ ನಮ್ಮ ಚಿಗವ್ವ, ಅವ್ವನ ಬೆನ್ನಿಗೆ ಬಿದ್ದ ತಂಗಿ.

ಊರೂರು ತಿರುಗಿ ದನಕರುಗಳಿಗೆ, ಆಡು ಕುರಿಗಳಿಗೆ ಲಸಿಕೆ ಹಾಕುವುದು ಅವಳ ಕೆಲಸ. ಕುರಿ ಕಾಯುವವರು ಅವಳನ್ನು ‘ಡಾಕ್ಟರ್ ಬಾಯಿ’ ಎನ್ನುತ್ತಿದ್ದರು. ‘ನಾ ಡಾಕ್ಟರ್ ಅಲ್ರಿ, ಬರೇ ಸೂಜಿ ಚುಚ್ಚಾಕಿ’ ಎಂದು ಅವಳು ನಗುತ್ತಿದ್ದಳು. ಗಾಡಿ ಅವಳ ಗಂಡ, ನಮ್ಮ ಕಾಕಾನದು, ಹಳೆಯದನ್ನು ಕೊಂಡು ತಂದದ್ದು. ಚಳಿಗಾಲವಿಡೀ ಕಾಕಾ ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಲಾರಿ ಹೊಡೆಯುತ್ತಿದ್ದುದರಿಂದ ಗಾಡಿ ಚಿಗವ್ವನ ಪಾಲಿಗೆ ಬರುತ್ತಿತ್ತು. ಶಾಲೆಗೆ ಸೂಟಿ ಇದ್ದ ದಿನ ಹಿಂದಿನ ಸೀಟು ನನ್ನ ಪಾಲಿಗೆ.

ಆ ವರ್ಷ ಎಳ್ಳ ಅಮಾವಾಸ್ಯೆ ಆಗಷ್ಟೇ ಮುಗಿದಿತ್ತು. ಅವ್ವ ಕಾಳು-ಸೊಪ್ಪು ಕೂಡಿಸಿ ಮಾಡಿದ ಭಜ್ಜಿ ಮತ್ತು ಜೋಳದ ಅಂಬಲಿಯ ರುಚಿ ನಾಲಿಗೆಯ ಮೇಲೆ ಇನ್ನೂ ಇತ್ತು. ಹೊಲಗಳಲ್ಲಿ ಸೀತನಿ, ಎಂದರೆ ಎಳೆ ಜೋಳದ ತೆನೆ, ಸುಡುವ ಹೊಗೆ. ರಸ್ತೆಯ ತುಂಬ ಲಾರಿಯಿಂದ ಬಿದ್ದ ಕಬ್ಬು. ನಾವು ಹುಡುಗಿಯರು ಅದನ್ನು ಆರಿಸಿಕೊಂಡು ಬಂದು, ಅಂಗಳದ ಫರಸಿ ಕಲ್ಲಿನ ಮೇಲೆ ಕುಂಟಬಿಲ್ಲೆ ಆಡುತ್ತ ಆಡುತ್ತಲೇ ಜಗಿದು ಉಗಿಯುತ್ತಿದ್ದೆವು.

ಚಿಗವ್ವನ ಹಿಂದೆ ಕೂತು ಅವಳ ಹೆಗಲ ಮೇಲಿಂದ ಇಣುಕುವುದು ನನ್ನ ಚಟ. ಹಾಗೆ ಇಣುಕಿದಾಗಲೇ ಒಂದು ದಿನ ಏರಿನಲ್ಲಿ ಮೀಟರಿನೊಳಗೆ ಕೆಂಪಗೆ ಏನೋ ಮಿನುಗಿದ್ದು ಕಂಡಿತು. ಥೇಟು ಚಹಾ ಕಿಟ್ಲಿಯ ಚಿತ್ರ, ಮೂತಿಯಿಂದ ಒಂದು ಹನಿ ಬೀಳುತ್ತಿತ್ತು.

“ಚಿಗವ್ವಾ, ಚಾದ ಕಿಟ್ಲಿ ಹತ್ತ್ಯಾದ!”

“ಅದು ಚಾದ್ದಲ್ಲ, ಎಣ್ಣಿ ಕಿಟ್ಲಿ. ಚಾವಿ ತಿರುವಿದಾಗ ಒಮ್ಮಿ ಹತ್ತತದ, ಗಾಡಿ ಚಾಲೂ ಆದ ಕೂಡ್ಲೆ ಆರಬೇಕು. ದಾರಿ ನಡಕ ಹತ್ತಿದ್ರ ಎಂಜಿನ್ನಿಗಿ ಎಣ್ಣಿ ಸಾಲ್ವಲ್ದು ಅಂತ ತಿಳೀಬೇಕು.”

ಮನೆಗೆ ಬಂದು ಕಾಕಾನಿಗೆ ಹೇಳಿದಳು. ಕಾಕಾ ಎಂಜಿನ್ನಿನ ಬಲಗಡೆಯ ಮುಚ್ಚಳ ತಿರುವಿ ತೆಗೆದರು. ಮುಚ್ಚಳಕ್ಕೇ ಒಂದು ಅಳತೆ ಕಡ್ಡಿ ಅಂಟಿಕೊಂಡಿತ್ತು. ಅದರ ತುದಿಯಲ್ಲಿ ಮೇಲೊಂದು, ಕೆಳಗೊಂದು ಗೆರೆ. ಬಟ್ಟೆಯಿಂದ ಒರೆಸಿ, ಮತ್ತೆ ಒಳಗಿಟ್ಟು, ಬಿಗಿಯಾಗಿ ತಿರುವಿ, ಹೊರತೆಗೆದು ತೋರಿಸಿದರು. “ನೋಡು, ಮ್ಯಾಲಿನ ಗೆರಿ ತನಕ ಅದ. ದೀಪನೇ ಖರಾಬ್ ಆಗ್ಯಾದ. ವಾಯರ್ ಕಿತ್ತ ಒಗಿ.”

ಚಿಗವ್ವ ವಾಯರ್ ಕೀಳಲಿಲ್ಲ. ಆದರೆ ಗಾಡಿ ಹೊಡೆಯುವುದನ್ನೂ ಬಿಡಲಿಲ್ಲ. ಲಾರಿ ಹೊಡೆಯುವವರ ಮಾತು ಅದು.

ಅದೇ ವಾರ ಪಕ್ಕದ ಊರಿನ ಆಡುಗಳಿಗೆ ಬೇನೆ ಬಂದ ಸುದ್ದಿ ಬಂತು. ಮೂಗು ಸೋರುತ್ತಿತ್ತು, ಬಾಯಿ ಹುಣ್ಣಾಗಿ ಮೇವು ಬಿಟ್ಟಿದ್ದವು, ಸಾಯುತ್ತಿದ್ದವು. ನಮ್ಮ ಅಜ್ಜ ಮುತ್ಯಾನ ಹಿಂಡಿಗೆ ಇನ್ನೂ ತಗುಲಿರಲಿಲ್ಲ. ಅದರಲ್ಲಿ ನನ್ನದೊಂದು ಆಡು ಇತ್ತು, ಚಂದ್ರಿ. ಮರಿಯಿದ್ದಾಗ ಸೀಸೆಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು; ಆಗ ಗಬ್ಬವಾಗಿತ್ತು. ಅದರ ಮೂಗನ್ನು ನಾನು ಹೊತ್ತು ಹೊತ್ತಿಗೂ ಮುಟ್ಟಿ ನೋಡುತ್ತಿದ್ದೆ.

ಲಸಿಕೆಯನ್ನು ಆ ಸಲ ಹುಮನಾಬಾದಿನಿಂದ ತರುವುದಿತ್ತು. ಚಿಗವ್ವನ ಜೊತೆ ನಾನೂ ಹೊರಟೆ. ಬರ್ಫು ತುಂಬಿದ ಡಬ್ಬಿಯಲ್ಲಿ ಲಸಿಕೆಯ ಬಾಟಲಿಗಳನ್ನಿಟ್ಟುಕೊಂಡು, ಡಬ್ಬಿಯನ್ನು ನಮ್ಮಿಬ್ಬರ ನಡುವೆ ಕೂಡಿಸಿಕೊಂಡು ತಿರುಗಿ ಹೊರಟೆವು. ರಾಜೇಶ್ವರ ದಾಟಿದ ಮೇಲೆ ಕಿಟ್ಲಿ ಹತ್ತಿತು. ಈ ಸಲ ಮಿನುಗಿ ಆರಲಿಲ್ಲ. ಸಪಾಟು ರಸ್ತೆಯಲ್ಲೂ ನಿಗಿನಿಗಿ ಉರಿಯುತ್ತಲೇ ಇತ್ತು.

ಚಿಗವ್ವ ಗಾಡಿಯನ್ನು ಬೇವಿನ ಗಿಡದ ಕೆಳಗೆ ತಂದು ಎಂಜಿನ್ ಬಂದ್ ಮಾಡಿದಳು. ಅಲ್ಲೊಬ್ಬ ಮುದುಕಿ ಬುಟ್ಟಿಯಲ್ಲಿ ಪೇರಲ ಹಣ್ಣು ಇಟ್ಟುಕೊಂಡು ಮಾರುತ್ತಿದ್ದಳು.

“ಚಿಗವ್ವಾ, ಮುತ್ಯಾ ಹಿಂಡ ಹಿಡಕೊಂಡು ಕುಂತಾನ. ಹೋಗಮು ನಡಿ,” ಎಂದೆ. ನನಗೆ ಅಳು ಬರುವಂತಾಗಿತ್ತು.

“ಜರಾ ತಡಿ. ಎಣ್ಣಿ ಕೆಳಗ ಇಳೀಲಿ.”

ಸಮ ನೆಲ ನೋಡಿ ಗಾಡಿಯನ್ನು ಡಬಲ್ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಕಡ್ಡಿ ತೆಗೆದು, ಒರೆಸಿ, ಕಾಕಾ ತಿರುವಿದಂತೆಯೇ ತಿರುವಿ ನೋಡಿದಳು. ಎಣ್ಣೆ ಮೇಲಿನ ಗೆರೆಯ ಹತ್ತಿರವೇ ಇತ್ತು. ಚಾವಿ ತಿರುವಿ ಒಂದು ಕ್ಷಣ ಚಾಲೂ ಮಾಡಿದರೆ ದೀಪವೂ ಹಾಗೇ ಇತ್ತು.

ದಾರಿಹೋಕರು ನಿಂತರು. ರುಮಾಲಿನ ಯಜಮಾನರೊಬ್ಬರು ಬಗ್ಗಿ ಕಡ್ಡಿ ನೋಡಿ, “ಎಣ್ಣಿ ಭರ್ತಿ ಅದಲ್ರಿ ಬಾಯಿ. ದೀಪದ ಕಡಿ ನೋಡಬ್ಯಾಡ್ರಿ, ಸುಮ್ಮ ಹೋಗ್ರಿ,” ಎಂದರು. ಇನ್ನೊಬ್ಬ, “ನಂದೂ ಹಂಗ ಹತ್ತಿತ್ತು, ಮ್ಯಾಲ ಟೇಪ್ ಹಚ್ಚೀನಿ,” ಎಂದ. ಎಲ್ಲರೂ ಹೋಗಿ ಎನ್ನುವವರೇ.

ಚಿಗವ್ವ ಕಡ್ಡಿಯನ್ನು ಕೈಯಲ್ಲಿ ಹಿಡಿದು ನೋಡುತ್ತ ಕೂತಳು. ಆಮೇಲೆ ಅದನ್ನು ಒರೆಸಿ, ತೂತಿನ ಬಾಯಿಗೆ ಸುಮ್ಮನೆ ಇಟ್ಟಳು, ತಿರುವಲಿಲ್ಲ. ತೆಗೆದಳು. ಕಡ್ಡಿ ಒಣಗಿತ್ತು, ಕೆಳಗಿನ ಗೆರೆಯನ್ನೂ ಎಣ್ಣೆ ಮುಟ್ಟಿರಲಿಲ್ಲ.

“ತಿರುವಿದ್ರ ಕಡ್ಡಿ ಇನ್ನಷ್ಟು ಕೆಳಗ ಇಳೀತದ,” ಎಂದು ನನಗೋ ತನಗೋ ಹೇಳಿಕೊಂಡಳು. “ಬಾವ್ಯಾಗ ಕೋಲು ಎಷ್ಟು ಇಳಸ್ತಿ ಅಷ್ಟು ತೋಯ್ತದ. ಸಿರಿಂಜ್ ಸೊಟ್ಟ ಹಿಡದು ಓದಿದ್ರೂ ಹಿಂಗೇ, ಔಷಧ ಒಂದಿರ್ತದ, ಕಾಣೋದು ಒಂದು.”

“ಹಂಗಾರ ಯಾವುದು ಖರೇ ಬಾಯಿ?” ಎಂದರು ಯಜಮಾನರು.

“ನನಗ ಗೊತ್ತಿಲ್ರಿ. ದೀಪ ಸುಳ್ಳಾದ್ರ ನನ್ನ ಒಂದು ತಾಸು ಹಾಳು. ಕಡ್ಡಿ ಸುಳ್ಳಾದ್ರ ಎಂಜಿನ್ನೇ ಹಾಳು. ನಾ ಚಾಲೂ ಮಾಡಾಂಗಿಲ್ಲ.”

ಪೇರಲದ ಮುದುಕಿ ಎದ್ದು ಬಂದು, “ನೀ ಹೋಗು ತಂಗಿ, ನಿನ್ನ ಗಾಡಿ ನಾ ನೋಡಕೋತೀನಿ. ಸಂಜಿಗಿ ನಮ್ಮ ಅಂಗಳದಾಗ ನಿಲ್ಲಸಾಕ ಹೇಳ್ತೀನಿ,” ಎಂದು ನನ್ನ ಕೈಗೆ ಒಂದು ಹಣ್ಣು ಕೊಟ್ಟಳು. ಆ ತಾಯಿಯ ಹೆಸರನ್ನು ನಾವು ಕೇಳಲೇ ಇಲ್ಲ.

ಟಂಟಂ ಆಟೋ ಹತ್ತಿ ಬಂಗ್ಲಾ ಕ್ರಾಸಿನ ತನಕ, ಅಲ್ಲಿಂದ ಬಸವಕಲ್ಯಾಣ, ಮತ್ತೊಂದು ಹಿಡಿದು ಮಂಠಾಳ. ಡಬ್ಬಿ ನನ್ನ ತೊಡೆಯ ಮೇಲಿತ್ತು. ಬರ್ಫಿನ ನೀರು ಸೋರಿ ಲಂಗ ತಣ್ಣಗೆ ಒದ್ದೆಯಾಯಿತು. ಕರಗಿತೇನೋ ಎಂದು ಮುಚ್ಚಳಕ್ಕೆ ಕೈ ಹಾಕಿದಾಗಲೆಲ್ಲ ಚಿಗವ್ವ ಕೈ ಹಿಡಿಯುತ್ತಿದ್ದಳು: “ತೆಗಿಬ್ಯಾಡ. ತೆಗದಷ್ಟೂ ಬಿಸಿ ಒಳಗ ಹೋಗ್ತದ.”

ನಾವು ಊರು ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಮುತ್ಯಾ ಹಿಂಡನ್ನು ಮೇಯಲು ಬಿಡದೆ ಕಟ್ಟಿಹಾಕಿದ್ದ. ಹಸಿದ ಆಡುಗಳ ಕೂಗು ಊರ ಹೊರಗೇ ಕೇಳುತ್ತಿತ್ತು. “ಗಾಡಿ ಎಲ್ಲದ?” ಎಂದ. ಚಿಗವ್ವ ಡಬ್ಬಿ ತೆರೆದು ಕೈ ಹಾಕಿದಳು. ಬರ್ಫು ಇನ್ನೂ ಗಟ್ಟಿಯಾಗಿತ್ತು. ಅವಳ ಮುಖದಲ್ಲಿ ಆ ದಿನದ ಮೊದಲ ನಗು ಆಗ ಕಂಡಿತು. ಮುತ್ಯಾ ಒಂದೊಂದನ್ನೇ ಹಿಡಿದು ಕೊಟ್ಟ, ಅವಳು ಚುಚ್ಚಿದಳು. ಚಂದ್ರಿಯನ್ನು ನಾನೇ ತಬ್ಬಿ ಹಿಡಿದೆ.

ಮರುದಿನ ಕಾಕಾ ಖಾಲಿ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಗಾಡಿಯನ್ನು ಹೇರಿಸಿಕೊಂಡು ಬಂದರು. ಸಿಟ್ಟಿನಲ್ಲಿದ್ದರು. “ನಿನ್ನ ಸಂಶೇಕ ಗಾಡಿ ಹೊತ್ತ ತರೋದಾತು. ಎಣ್ಣಿ ಇಳಸಿ ತೋರಸ್ತೀನಿ ನಡಿ.”

ಅಂಗಳದ ಫರಸಿಯ ಮೇಲೆ ಗಾಡಿ ನಿಲ್ಲಿಸಿ, ಕೆಳಗೆ ಬೋಗುಣಿ ಇಟ್ಟು ಅಡಿಯ ಬೋಲ್ಟು ಬಿಚ್ಚಿದರು. ನಾವೆಲ್ಲ ಸುತ್ತ ಕುಕ್ಕರುಗಾಲಲ್ಲಿ ಕೂತೆವು. ಕಪ್ಪು ಎಣ್ಣೆ ಸರ್ರನೆ ಇಳಿದು, ಬಲು ಬೇಗ ಹನಿಯಾಯಿತು. ಅವ್ವನ ಹಳೆಯ ಲೀಟರಿನ ಹಾಲಿನ ಮಾಪಿಗೆ ಅದನ್ನು ಸುರಿದರು. ಮಾಪು ಅರ್ಧವೂ ತುಂಬಲಿಲ್ಲ. ಆ ಗಾಡಿಗೆ ಬೇಕಾದದ್ದು ಲೀಟರಿಗಿಂತ ಹೆಚ್ಚು.

ಕಾಕಾ ಮಾಪನ್ನು ಎತ್ತಿ ಮತ್ತೊಮ್ಮೆ ನೋಡಿದರು. ಹೊಸ ಎಣ್ಣೆಯನ್ನು ಅಳೆದು ಹಾಕಿ, ಗಾಡಿಯನ್ನು ಒಂದಿಷ್ಟು ಹೊತ್ತು ಚಾಲೂ ಇಟ್ಟು, ಬಂದ್ ಮಾಡಿ ಕಾದರು. ಕಡ್ಡಿಯನ್ನು ತಿರುವದೆ ಇಟ್ಟು ತೆಗೆದಾಗ ಎಣ್ಣೆ ಸರಿಯಾಗಿ ಮೇಲಿನ ಗೆರೆಗೆ ನಿಂತಿತ್ತು. ತಿರುವಿ ನೋಡಿದರೆ ಗೆರೆ ದಾಟಿ ಎಷ್ಟೋ ಮೇಲೆ. ಕಿಟ್ಲಿಯೂ ಆರಿತ್ತು.

ಚಿಗವ್ವನ ಕಡೆ ತಿರುಗಿ, ಮಕ್ಕಳ ಮುಂದೆ, ಮುತ್ಯಾನ ಮುಂದೆ, ಕಾಕಾ ಹೇಳಿದರು: “ಲಾರ್‍ಯಾಗ ಕಡ್ಡಿ ಪೂರಾ ಒಳಗ ಒತ್ತಿ ನೋಡ್ತಾರ. ಅದೇ ರೂಢಿ ಇದಕ್ಕೂ ಹಚ್ಚಿದೆ ನಾ. ಇನ್ನ ಜರಾ ದೂರ ಹೋಗಿದ್ರ ಎಂಜಿನ್ ಹಿಡಕೊಂಡು ಹಾಳಾಗ್ತಿತ್ತು. ನೀ ನಿಂತಿದ್ದು ಬರೋಬ್ಬರಿ ಆತು.”

ಗಂಡಸರು ಹೆಂಡತಿಗೆ ಹೀಗೆ ಹೇಳುವುದನ್ನು ನಾನು ಅಲ್ಲಿಯ ತನಕ ಕೇಳಿರಲಿಲ್ಲ. ಚಿಗವ್ವ ಎದ್ದು ಎಲ್ಲರಿಗೂ ಚಹಾ ಇಡಲು ಹೋದಳು.

ಆಮೇಲೆ ಪ್ರತಿ ಐತವಾರ ಮುಂಜಾನೆ ಫರಸಿಯ ಮೇಲೆ ಅದೊಂದು ಕೆಲಸ ನಡೆಯತೊಡಗಿತು. ಎಣ್ಣೆ ಕೆಳಗಿಳಿಯುವ ತನಕ ಚಹಾ ಕುಡಿಯುವುದು, ಮಾತಾಡುವುದು. ಕಡ್ಡಿ ಒರೆಸಿ ಇಡುವ ಕೆಲಸ ನನಗೆ ಬಿಟ್ಟಿದ್ದರು. ಎರಡು ಗೆರೆಗಳ ನಡುವೆ ಇದ್ದರೆ ನಾನು “ಅದ!” ಎಂದು ಕೂಗಬೇಕು. ಕಮ್ಮಿಯಾಗಿದ್ದರೆ ಕಾಕಾ ಒಂದೊಂದು ಗುಟುಕಿನಷ್ಟೇ ಹಾಕುತ್ತಿದ್ದರು. “ಮ್ಯಾಲಿನ ಗೆರಿ ದಾಟಬಾರದು, ಹೆಚ್ಚಾದ್ರೂ ಎಂಜಿನ್ನಿಗಿ ತ್ರಾಸು,” ಎನ್ನುತ್ತಿದ್ದರು.

ನಮ್ಮ ಹಿಂಡಿಗೆ ಬೇನೆ ಬರಲಿಲ್ಲ. ಚಂದ್ರಿ ಎರಡು ಮರಿ ಹಾಕಿತು.

ಈಗ ಕಾಕಾ ಇಲ್ಲ, ಮುತ್ಯಾನೂ ಇಲ್ಲ. ಹಿಂಡು ಹೋಗಿ ಅಪ್ಪನ ಬಳಿ ನಾಲ್ಕಾರು ಆಡು ಉಳಿದಿವೆ. ಅಂಗಳದ ಮೇಲೆ ತಗಡು ಬಂದಿದೆ. ನಾನು ಮಾಣಿಕನಗರದಲ್ಲಿ ಚಿಕ್ಕದೊಂದು ಅಂಗಡಿ ಇಟ್ಟುಕೊಂಡಿದ್ದೇನೆ, ಕರೆಂಟಿನ ಸ್ಕೂಟರ್ ಓಡಿಸುತ್ತೇನೆ. ಹೋಗಬೇಡ ಎಂದು ಯಾರಾದರೂ ಹೇಳಿದರೆ ಸಿಟ್ಟು ಬರುತ್ತದೆ; ಆದರೆ ಎಲ್ಲರೂ ಹೋಗು ಎನ್ನುವಾಗ ನಿಲ್ಲುವ ಧೈರ್ಯವೂ ಎಲ್ಲಿಂದಲೋ ಬರುತ್ತದೆ. ಎಲ್ಲಿಂದ ಎಂದು ನನಗೆ ಗೊತ್ತು.

ಚಿಗವ್ವನಿಗೆ ಮೊಣಕಾಲು ನೋವು, ಗಾಡಿ ಬಿಟ್ಟಿದ್ದಾಳೆ. ಮೊನ್ನೆ ಬಂದವಳು ನನ್ನ ಸ್ಕೂಟರಿನ ಸುತ್ತ ಒಂದು ಸುತ್ತು ಹಾಕಿ, “ಇದರ ಎಣ್ಣಿ ಎಲ್ಲಿ ನೋಡ್ತಾರ?” ಎಂದಳು.

“ಇದಕ್ಕ ಎಂಜಿನ್ನೇ ಇಲ್ಲ ಚಿಗವ್ವಾ. ಎಣ್ಣಿ ನೋಡೋ ಕೆಲಸೇ ಇಲ್ಲ.”

“ಛಲೋ ಆತು ಬಿಡು,” ಎಂದಳು. ಆಮೇಲೆ ಸೀಟಿನ ಧೂಳನ್ನು ಸೆರಗಿನಿಂದ ಒರೆಸುತ್ತ ಕೇಳಿದಳು: “ಹಂಗಾರ ಐತವಾರ ಎಲ್ಲಾರೂ ಕೂಡಿ ಯಾಕ ಕುಂದರ್ತೀರಿ?”