ಮೀನು ಸಿಗುವ ಮೊದಲೇ ರುಬ್ಬಿದ ಮಸಾಲೆ

ಬೆಳಕು ಹರಿಯುವ ಮೊದಲೇ ಎದ್ದು ಮಸಾಲೆ ರುಬ್ಬಿದೆ. ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಚೂರು ಮೆಂತ್ಯ ಹುರಿದುಕೊಂಡು, ಕಾಯಿ, ಬೆಳ್ಳುಳ್ಳಿ, ಸುಟ್ಟ ಈರುಳ್ಳಿ ಸೇರಿಸಿ ನುಣ್ಣಗೆ ಮಾಡಿ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟೆ. ಕೆಳಗಿನ ಮನೆಯವರಿಗೆ ಕೇಳಿಸದಿರಲಿ ಎಂದು ಮಿಕ್ಸಿಯನ್ನು ಮಡಿಸಿದ ಹೊದಿಕೆಯ ಮೇಲೆ ಇಟ್ಟುಕೊಂಡಿದ್ದೆ. ಆದರೂ ಮಗಳು ಕಣ್ಣುಜ್ಜಿಕೊಂಡು ಬಂದಳು.

"ಅವ್ವಾ, ಮೀನು ಇನ್ನೂ ಸಮುದ್ರದಲ್ಲೇ ಐತೆ. ನೀನು ಈಗ್ಲೇ ರುಬ್ತಿದ್ದೀಯಲ್ಲ!"

"ಮೀನು ತಂದ್ಮೇಲೆ ರುಬ್ತಾ ಕೂತ್ಕೊಂಡ್ರೆ ಅದು ಹಳಸ್ಕತದೆ. ಹೋಗು, ಮಗೀನ ಎಬ್ಬಿಸು."

ಅವಳು ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡು ಹೋದಳು. ನಿದ್ದೆಗಣ್ಣು ಎಂದುಕೊಂಡೆ. ನನಗಂತೂ ರಾತ್ರಿಯೆಲ್ಲ ನಿದ್ದೆ ಹತ್ತಿರಲಿಲ್ಲ, ಅಷ್ಟು ಸಡಗರ.

ಸಡಗರಕ್ಕೆ ಕಾರಣವಿತ್ತು. ಮೂರು ತಿಂಗಳು ಇದ್ದು ಹೋಗೋಣವೆಂದು ಜಪಾನಿಗೆ ಬಂದವಳು ನಾನು. ಬಂದ ಮೇಲೆ ಕೊರೋನಾ ಬಂತು, ವಿಮಾನ ನಿಂತಿತು, ಟೋಕಿಯೋದ ಫುನಾಬೊರಿಯಲ್ಲಿರುವ ಮಗಳ ಮನೆಯಲ್ಲೇ ಉಳಿದುಬಿಟ್ಟೆ. ಮಗಳು ವಾಕೋ ಎಂಬ ಊರಿನ ಲ್ಯಾಬಿನ ಕೆಲಸವನ್ನು ಅರ್ಧ ಅಡುಗೆಮನೆಯಲ್ಲಿ ಕೂತು ಮಾಡುತ್ತಿದ್ದಳು. ಅಳಿಯಂದಿರು ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಕಂಪ್ಯೂಟರಿನ ಜೊತೆ ಮಾತಾಡುತ್ತಿದ್ದರು. ಎಂಟು ವರ್ಷದ ಮೊಮ್ಮಗಳು ಮತ್ತು ನಾನು, ಇಬ್ಬರಿಗೂ ಸದ್ದು ಮಾಡಬಾರದು ಎಂಬ ಅಪ್ಪಣೆ. ನನಗೆ ಜಪಾನಿ ಬರುವುದಿಲ್ಲ, ಅವಳಿಗೆ ಕನ್ನಡ ಅರ್ಥವಾದರೂ ನಾಲಿಗೆಯ ಮೇಲೆ ನಿಲ್ಲುವುದಿಲ್ಲ. ಏನು ಮಾಡಲಿ? ಕತೆ ಹೇಳಿದೆ. ಎಲ್ಲವೂ ಹೊಳೆಯ ಕತೆ. ನಮ್ಮಪ್ಪ ಕಾವೇರಿಯಲ್ಲಿ ಹರಿಗೋಲು ಹಾಕುತ್ತಿದ್ದವರು. ಮೂರನೇ ಕ್ಲಾಸಿಗೇ ಇಸ್ಕೂಲು ಬಿಡಿಸಿ ನನ್ನನ್ನೂ ಹರಿಗೋಲಿಗೆ ಹತ್ತಿಸಿಕೊಂಡಿದ್ದರು. ಗಾಳಕ್ಕೆ ಎರೆಹುಳು ಚುಚ್ಚಿ ಬಾಳೆಮೀನು ಹಿಡಿದದ್ದು, ಗೆಂಡೆಮೀನು ಬಲೆ ಹರಿದುಕೊಂಡು ಹೋದದ್ದು, ಆ ಮೀನಿನ ಸಾರಿಗೆ ಬೀದಿಯವರೆಲ್ಲ ಮೂಗರಳಿಸುತ್ತಿದ್ದದ್ದು, ಎಲ್ಲ ಹೇಳಿದೆ.

ಮೊಮ್ಮಗಳು ಅದನ್ನು ತಲೆಯಲ್ಲಿ ತುಂಬಿಕೊಂಡು ಶಾಲೆ ತೆರೆದ ಮೇಲೆ ತನ್ನ ಗೆಳತಿಯರಿಗೆಲ್ಲ ಹೇಳಿಬಿಟ್ಟಿದ್ದಳು: ನಮ್ಮಜ್ಜಿ ಮೀನು ಹಿಡಿದು ನನಗೆ ಸಾರು ಮಾಡಿ ಹಾಕುತ್ತಾಳೆ ಎಂದು. ಅಷ್ಟರಲ್ಲಿ ನನಗೆ ಊರಿಗೆ ಹೋಗುವ ವಿಮಾನದಲ್ಲಿ ಜಾಗ ಸಿಕ್ಕಿತು. ಹೊರಡುವುದು ಮುಂದಿನ ವಾರ. ಅವಳು ಕಾಲು ಹಿಡಿದುಕೊಂಡಳು.

"ನೋ, ಅಜ್ಜಿ. ಫಿಶ್ ಹಿಡೀಬೇಕು. ತಿನ್ನಬೇಕು. ಆಮೇಲೆ ಊರು."

ಅದಕ್ಕೇ ಅಳಿಯಂದಿರು ಒಂದು ದೋಣಿ ಗೊತ್ತು ಮಾಡಿದ್ದರು. ಅದರ ಯಜಮಾನರೇ ಜೊತೆಗಿದ್ದು ಮೀನು ಹಿಡಿಸುತ್ತಾರಂತೆ. ಅಷ್ಟೆಲ್ಲ ಆಗಿರುವಾಗ ಮಸಾಲೆ ಮುಂಚೆಯೇ ರುಬ್ಬದೆ ಇರುತ್ತೇನೆಯೇ?

ದೋಣಿಯವರನ್ನು ಎಲ್ಲರೂ ಸೆಂಚೋ-ಸಾನ್ ಎನ್ನುತ್ತಿದ್ದರು, ಅಂದರೆ ದೋಣಿಯ ಯಜಮಾನರು. ನನ್ನ ವಯಸ್ಸಿಗೆ ಹತ್ತಿರದವರು. ಮಾಸ್ಕಿನ ಮೇಲೆ ಕಾಣುವ ಕಣ್ಣಿನಲ್ಲೇ ನಕ್ಕು, ಸೀರೆಯ ಮೇಲೆ ನಾನು ತೊಟ್ಟಿದ್ದ ಸ್ವೆಟರಿನ ಮೇಲೆ, ನೀರಿಗೆ ಬಿದ್ದರೆ ತೇಲಿಸುವ ಕೇಸರಿ ಜಾಕೆಟ್ಟು ಹಾಕಿ ಗಂಟು ಬಿಗಿದರು. ದೋಣಿ ನದಿಯಲ್ಲಿ ಸೇತುವೆಗಳ ಕೆಳಗೆ ನುಗ್ಗಿ ಸಮುದ್ರಕ್ಕೆ ಬಿತ್ತು ನೋಡಿ, ಅಬ್ಬಬ್ಬಾ! ಗಾಳಿ ಮುಖಕ್ಕೆ ಹೊಡೆಯುತ್ತಿದೆ, ಮೊಮ್ಮಗಳು ಕಿರುಚುತ್ತಿದ್ದಾಳೆ, ಯಾರೂ ಶ್ ಎನ್ನುವವರಿಲ್ಲ. ನಾನೂ ಕಿರುಚಿದೆ. ಆಚೆ ದಡದಲ್ಲಿ ಹಾರದೆ ನಿಂತ ವಿಮಾನಗಳ ಸಾಲು. ಅಷ್ಟು ದಿನ ಕೋಣೆಯೊಳಗೆ ಕೂತ ಮೈ, ಎದ್ದು ಕುಣಿಯುವಂತಾಯಿತು.

ಸೆಂಚೋ-ಸಾನ್ ದಾರ ಸುತ್ತುವ ಪುಟ್ಟ ರಾಟೆಯಿರುವ ಗಾಳ ಕೊಟ್ಟರು. ಅದರ ತುದಿಯಲ್ಲಿ ಹುಳುವಿಲ್ಲ, ಹಿಟ್ಟಿಲ್ಲ. ಬೆಳ್ಳಗೆ ಹೊಳೆಯುವ ಪ್ಲಾಸ್ಟಿಕ್ಕಿನ ಮರಿಮೀನು!

"ಇದನ್ನ ತಿನ್ನೋಕೆ ಬತ್ತದಾ ಮೀನು? ಅದಕ್ಕೇನು ಬುದ್ಧಿ ಇಲ್ವಾ?" ಎಂದೆ.

"ಜಪಾನಿನ ಮೀನು ಅತ್ತೆ, ಪ್ಲಾಸ್ಟಿಕ್ಕಿಗೆ ಒಗ್ಗಿಹೋಗಿದೆ," ಎಂದರು ಅಳಿಯಂದಿರು.

ಶರತ್ಕಾಲದಲ್ಲಿ ಸಣ್ಣ ಮೀನುಗಳನ್ನು ಅಟ್ಟಿಸಿಕೊಂಡು ದೊಡ್ಡ ಬಿಳಿ ಮೀನು ಈ ಕೊಲ್ಲಿಯೊಳಕ್ಕೆ ಬರುತ್ತದಂತೆ. ಅದನ್ನು ಸುಜುಕಿ ಎನ್ನುತ್ತಾರೆ. ಹಕ್ಕಿಗಳು ಎಲ್ಲಿ ಮುಗಿಬೀಳುತ್ತವೋ ಅಲ್ಲಿ ಅದು ಇರುತ್ತದೆ. ಸ್ವಲ್ಪ ಹೊತ್ತಿಗೆ ಹಕ್ಕಿಗಳು ಬಿದ್ದವು, ನೀರು ಕುದಿಯುವ ಹಾಗೆ ಕಂಡಿತು. ಮೊಮ್ಮಗಳ ಗಾಳದ ಕೋಲು ಬಿಲ್ಲಿನಂತೆ ಬಾಗಿತು.

"ಮಾಯ್ತೆ! ಮಾಯ್ತೆ!" ಎಂದರು ಸೆಂಚೋ-ಸಾನ್. ಸುತ್ತು, ಸುತ್ತು ಎಂದು. ಅವಳು ಸುತ್ತಿದಳು. ಮೀನು ನೀರಿನಿಂದ ಎದ್ದು ತಲೆ ಕೊಡವಿತು. ಬೆಳ್ಳಿ! ಅಪ್ಪಟ ಬೆಳ್ಳಿ! ಬಲೆಯಲ್ಲಿ ಎತ್ತಿದಾಗ ಅದು ಮೊಮ್ಮಗಳ ತೋಳಿಗಿಂತ ಉದ್ದವಿತ್ತು. ನಾನು ಮನೆಯಿಂದ ತಂದ ಚೀಲವನ್ನು ಅಗಲ ಮಾಡಿ ಹಿಡಿದುಕೊಂಡು ನಿಂತೆ. ಫೋಟೋ ತೆಗೆದರು. ಸೆಂಚೋ-ಸಾನ್ ಮೀನನ್ನು ನೀರಿನಲ್ಲಿ ಒಂದಿಷ್ಟು ಅದ್ದಿದರು. ತೊಳೆಯುತ್ತಿದ್ದಾರೆ ಎಂದುಕೊಂಡೆ. ಮೀನು ಬಾಲ ಬೀಸಿ ಹೋಗಿಯೇಬಿಟ್ಟಿತು.

ಅಯ್ಯೋ ಪಾಪ, ಕೈ ಜಾರಿತಲ್ಲ, ಎಷ್ಟು ನಾಚಿಕೆಯಾಗಿರಬೇಕು ಅವರಿಗೆ ಎಂದು ನಾನೇ ಸಮಾಧಾನ ಹೇಳಿದೆ. "ಪರ್ವಾಗಿಲ್ಲ ಬುಡಿ ಸೆಂಚೋ-ಸಾನ್, ಇನ್ನೊಂದು ಸಿಕ್ತದೆ." ಅವರು ತಲೆ ಬಾಗಿಸಿ ಅರಿಗಾತೋ ಎಂದು ಥ್ಯಾಂಕ್ಸ್ ಹೇಳಿದರು.

ಮುಂದಿನದು ಅಳಿಯಂದಿರಿಗೆ ಸಿಕ್ಕಿತು. ಮತ್ತೆ ಚೀಲ ಹಿಡಿದೆ. ಮತ್ತೆ ಅದ್ದಿದರು. ಮತ್ತೆ ಹೋಯಿತು.

"ಏನವ್ವಾ ಇವರ ಕೈಯಿ!" ಎಂದೆ ಮಗಳಿಗೆ. "ಒಸಿ ಬೂದಿ ಇದ್ದಿದ್ರೆ ಅಂಗೈಗೆ ಉಜ್ಜಬೋದಿತ್ತು."

ಮಗಳು ಸಮುದ್ರದ ಕಡೆ ಮುಖ ಮಾಡಿಕೊಂಡಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೋ ಎಂದು ನೋಡಿದರೆ ನಗು ತಡೆಯುತ್ತಿದ್ದಾಳೆ.

"ಅವ್ವಾ, ಕೈ ಜಾರಿಲ್ಲ. ಬೇಕು ಅಂತ್ಲೇ ಬಿಡ್ತಿದ್ದಾರೆ. ಈ ದೋಣೀಲಿ ಹಿಡಿಯೋದು, ನೋಡೋದು, ಬಿಡೋದು. ಅದೇ ಪದ್ಧತಿ."

"ಬುಟ್ಬುಡೋದಾ! ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಹೇಳಿದ್ರೆ ನೀನು ಬರ್ತಿದ್ಯಾ?"

"ಬತ್ತಿರ್ಲಿಲ್ಲ!"

"ಮತ್ತೆ?"

ನನಗೆ ಸಿಟ್ಟು ಬರಬೇಕಿತ್ತು, ಬಂದದ್ದು ನಗು. ಆದರೆ ಮೊಮ್ಮಗಳು ನಗಲಿಲ್ಲ. ಅವಳಿಗೂ ಈಗಷ್ಟೇ ಗೊತ್ತಾದದ್ದು. ಗಾಳ ಕೆಳಗಿಟ್ಟು ಕೂತಳು. ಕಣ್ಣಿನ ತುಂಬ ನೀರು. "ಸಾರು ಇಲ್ವಾ? ಅಜ್ಜಿ ಹೋಗ್ತಾಳೆ..." ಎಂದಳು. ಅದನ್ನು ಕೇಳಿ ನನ್ನ ನಗುವೂ ನಿಂತಿತು.

ಸೆಂಚೋ-ಸಾನ್ ಎಂಜಿನ್ ನಿಲ್ಲಿಸಿ ಬಂದು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಅವಳು ಮೂಗೊರೆಸಿಕೊಳ್ಳುತ್ತ ಜಪಾನಿಯಲ್ಲಿ ಏನೇನೋ ಹೇಳಿದಳು. ನಡುನಡುವೆ ಅಜ್ಜಿ ಅಜ್ಜಿ ಎಂಬುದೊಂದೇ ನನಗೆ ತಿಳಿದದ್ದು. ಅವರು ನನ್ನ ಚೀಲವನ್ನು ನೋಡಿದರು, ನನ್ನನ್ನು ನೋಡಿದರು, ತಲೆ ಕೆರೆದುಕೊಂಡರು.

ಮಗಳು ಹೇಳಿದಳು: "ಪೂರ್ತಿ ತಿಂತೀವಿ, ಒಂದು ಚೂರೂ ಬಿಸಾಡಲ್ಲ ಅಂದ್ರೆ ಒಂದು ತಗೊಂಡು ಹೋಗಬಹುದಂತೆ. ಒಂದೇ ಒಂದು."

ಅಷ್ಟಕ್ಕೆ ಸುಮ್ಮನಿರದೆ ನಮ್ಮ ಹುಡುಗಿ ತನ್ನದೊಂದು ಕಾನೂನು ಸೇರಿಸಿದಳು. ತಾನು ಹಿಡಿದದ್ದು ಸಮುದ್ರಕ್ಕೆ, ಅಜ್ಜಿ ಹಿಡಿದದ್ದು ಪಾತ್ರೆಗೆ. ಶಾಲೆಯಲ್ಲಿ ಹಾಗೆಯೇ ಹೇಳಿದ್ದಾಳಲ್ಲ! ಮುಗಿಯಿತು. ಎಲ್ಲರ ಕಣ್ಣೂ ನನ್ನ ಮೇಲೆ.

ನಾನೋ, ಅಷ್ಟು ಹೊತ್ತೂ ಪ್ಲಾಸ್ಟಿಕ್ ಮರಿಯನ್ನು ಬೀಸಿ ಬೀಸಿ, ಒಮ್ಮೆ ಅಳಿಯಂದಿರ ಟೋಪಿಯನ್ನು ಹಿಡಿದಿದ್ದೆ, ಅಷ್ಟೇ. ಹಕ್ಕಿಗಳು ಚದುರಿಹೋಗಿದ್ದವು. ಸೆಂಚೋ-ಸಾನ್ ದೋಣಿಯನ್ನು ಸೇತುವೆಯ ಕಂಬದ ನೆರಳಿಗೆ ತಂದು, ನನ್ನ ಪರವಾಗಿ ತಾವೇ ಬೀಸಿ ಗಾಳವನ್ನು ನನ್ನ ಕೈಗಿಟ್ಟರು. ನಾನು ಸುತ್ತುವುದಷ್ಟೇ ಕೆಲಸ. ಸುತ್ತಿದೆ. ಟಕ್ ಎಂದಿತು! ನಮ್ಮ ಹೊಳೆಯಲ್ಲಿ ಟಕ್ ಎಂದರೆ ರಪ್ಪನೆ ಎಳೆಯಬೇಕು, ಇಲ್ಲದಿದ್ದರೆ ಹುಳು ಕದ್ದು ಹೋಗುತ್ತದೆ. ಎಳೆದೆ. ಪ್ಲಾಸ್ಟಿಕ್ ಮರಿ ಹಾರಿ ಬಂದು ದೋಣಿಯೊಳಗೆ ಬಿತ್ತು. ಮೀನು ಇಲ್ಲ.

"ಅಜ್ಜಿ! ಎಳೀಬೇಡ! ಸುತ್ತು! ಜಸ್ಟ್ ಸುತ್ತು!"

"ಆಯ್ತು ಕಣೇ ಮೇಷ್ಟ್ರಮ್ಮ, ಬಯ್ಬೇಡ."

ಅವಳು ಬಂದು ನನ್ನ ಪಕ್ಕ ಒತ್ತಿಕೊಂಡು ನಿಂತಳು. ನನ್ನ ಕೈ ಮೇಲೆ ಕೈಯಿಟ್ಟು ನಿಧಾನ, ನಿಧಾನ ಎಂದಳು. ಮತ್ತೆ ಬೀಸಿದರು, ಮತ್ತೆ ಸುತ್ತಿದೆ. ಏನೂ ಇಲ್ಲ. ಮತ್ತೆ. ಅಳಿಯಂದಿರು ಗಡಿಯಾರ ನೋಡಿಕೊಂಡರು. ಹೊರಡುವ ಹೊತ್ತಾಯಿತೆಂದು ಸೆಂಚೋ-ಸಾನ್ ಕೂಡ ಹೇಳಿದರು. ಆದರೆ ಅವರೇ ಇನ್ನೊಮ್ಮೆ ಬೀಸಿದರು, ಕಂಬಕ್ಕೆ ತಾಗುವಷ್ಟು ಹತ್ತಿರ.

ಟಕ್. ನನ್ನ ಮೊಣಕೈ ಎಳೆಯಲು ಎದ್ದಿತು, ಅವಳು ಎರಡೂ ಕೈಯಲ್ಲಿ ಅದನ್ನು ಒತ್ತಿ ಹಿಡಿದಳು. ಸುತ್ತಿದೆ. ಭಾರ! ಅಯ್ಯಪ್ಪಾ, ಏನು ಭಾರ! ದಾರ ಕರ್ರ್ ಎಂದು ಓಡಿತು. ಆಮೇಲೆ ಏನೇನು ಕೂಗಿದೆನೋ ನನಗೆ ನೆನಪಿಲ್ಲ, ಕಾವೇರಮ್ಮನನ್ನೂ ಕರೆದೆನಂತೆ, ಕ್ಷಮಿಸಿ ಎನ್ನಲು ಇಲ್ಲಿನವರು ಹೇಳುವ ಸುಮಿಮಾಸೆನ್ ಎಂದೂ ಕೂಗಿದೆನಂತೆ. ಮಾಸ್ಕು ಗಲ್ಲಕ್ಕಿಳಿದಿತ್ತು. ಮಗಳು ಫೋನು ಹಿಡಿಯುವುದು ಬಿಟ್ಟು ಕುಣಿಯುತ್ತಿದ್ದಳು. ಮೀನು ಬಲೆಗೆ ಬಂತು, ದೋಣಿಗೆ ಬಂತು, ಬಲೆಯಿಂದ ನೆಗೆದು ಹಲಗೆಯ ಮೇಲೆ ಪಟಪಟ ಬಡಿಯಿತು. ಸೆಂಚೋ-ಸಾನ್ ಕೈ ಚಾಚಿದರು. ಆ ಕೈಯನ್ನು ನಂಬುವುದುಂಟೇ? ನಾನು ಸೆರಗು ಹಾಸಿ ಮೀನಿನ ಮೇಲೇ ಬಿದ್ದುಬಿಟ್ಟೆ!

"ಇದನ್ನ ಕೊಡಕ್ಕಿಲ್ಲ!" ಎಂದೆ.

ಸೆಂಚೋ-ಸಾನ್ ನಕ್ಕು ನಕ್ಕು ದೋಣಿಯ ಕಟಕಟೆ ಹಿಡಿದುಕೊಂಡರು. ಆಮೇಲೆ ಐಸಿನ ಪೆಟ್ಟಿಗೆಯನ್ನು ನನ್ನ ಪಕ್ಕಕ್ಕೇ ತಂದು ಮುಚ್ಚಳ ತೆಗೆದಿಟ್ಟು, ನೀವೇ ಹಾಕಿ ಎಂದು ಕೈಸನ್ನೆ ಮಾಡಿದರು. ಮೊಮ್ಮಗಳ ಮೀನಿಗಿಂತ ಚಿಕ್ಕದೇ. ಇರಲಿ, ನನ್ನದು!

ಸಂಜೆ ಮನೆಯ ಕಿಟಕಿಗಳನ್ನೆಲ್ಲ ತೆರೆದು ಸಾರು ಇಟ್ಟೆ. ಪರದೆಗೆ ವಾಸನೆ ಹಿಡಿಯುತ್ತದೆ ಎಂದು ಗೊಣಗುವ ಮಗಳು ಅಂದು ಒಲೆಯ ಪಕ್ಕದಿಂದ ಕದಲಲಿಲ್ಲ. ತಲೆ, ಬಾಲ, ಒಂದು ಚೂರೂ ಬಿಸಾಡಲಿಲ್ಲ. ಊರಿಂದ ತಂದ ರಾಗಿಹಿಟ್ಟಿನಲ್ಲಿ ಪುಟ್ಟ ಪುಟ್ಟ ಮುದ್ದೆ ಮಾಡಿದೆ. ಮುಳ್ಳಿಲ್ಲದ ತುಂಡನ್ನೇ ತಿಂದು ಬೆಳೆದ ಹುಡುಗಿ, ಬೆರಳಲ್ಲಿ ಮುಳ್ಳು ಬಿಡಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತ, ಖಾರಕ್ಕೆ ಉಸ್ಸು ಉಸ್ಸೆನ್ನುತ್ತ, ಕಣ್ಣುಮೂಗಿನಲ್ಲಿ ನೀರು ಸುರಿಸುತ್ತ ತಿಂದಳು. ನಾನು ಉಣ್ಣುವುದು ಮರೆತು ಅವಳ ಬಾಯನ್ನೇ ನೋಡುತ್ತಿದ್ದೆ. ಅದಕ್ಕಿಂತ ಇನ್ನೇನು ಬೇಕು ಹೇಳಿ!

ಮಗಳು ತಟ್ಟೆಯ ಫೋಟೋವನ್ನು ಸೆಂಚೋ-ಸಾನ್‌ಗೆ ಕಳಿಸಿದಳು. ಇಷ್ಟು ಕೆಂಪಗಿದೆಯಲ್ಲ, ತಿಂದರೆ ಬದುಕುತ್ತಾರೆಯೇ ಎಂದು ಅವರು ಕೇಳಿದರಂತೆ. ಮೊಮ್ಮಗಳು ಫೋನು ಕಿತ್ತುಕೊಂಡು, ಬಾಯಲ್ಲಿ ತುತ್ತಿರುವಾಗಲೇ ಜಪಾನಿಯಲ್ಲಿ ಉದ್ದಕ್ಕೆ ಏನೋ ಮಾತಾಡಿ ಕಳಿಸಿದಳು.

"ಏನಂದ್ಲು?" ಎಂದೆ.

"ಇನ್ನೂ ಪಾತ್ರೇಲಿದೆ, ಈಗ್ಲೇ ಬನ್ನಿ ಅಂತ ಊಟಕ್ಕೆ ಕರೆದ್ಲು ಅತ್ತೆ," ಎಂದರು ಅಳಿಯಂದಿರು.

ತಿಂಗಳುಗಟ್ಟಲೆ ಹೊರಗಿನವರು ಯಾರೂ ಹೊಸ್ತಿಲು ದಾಟದ ಮನೆ ಅದು. ಅವರು ಬರುವುದಿಲ್ಲವೆಂದು ನನಗೂ ಗೊತ್ತು. ಆದರೂ ಎದ್ದೆ. ಇನ್ನೊಂದು ಮುದ್ದೆಗೆ ಎಸರಿಟ್ಟೆ.