ದುರುಗಕ್ಕ ಮತ್ತು ಬೆಟ್ಟದ ಕೆರೆಯ ಮೀನು

ದುರುಗಕ್ಕ ಮೀನನ್ನು ಕೈಗೆತ್ತಿಕೊಂಡರೆ ಮೊದಲು ಹೆಬ್ಬೆರಳಿನಿಂದ ಅದರ ಹೊಟ್ಟೆ ಒತ್ತುತ್ತಿದ್ದರು. ಒತ್ತಿ, ಮೂಗಿನ ಹತ್ತಿರ ತಂದು, ಅದು ಹೊಳೆಯ ಯಾವ ಕಡೆಯದು ಎಂದು ಹೇಳಿಬಿಡುತ್ತಿದ್ದರು. ಸೇತುವೆಯ ಮೇಲುಗಡೆಯದೋ, ಊರಿನ ಚರಂಡಿ ಬಂದು ಸೇರುವ ಕೆಳಗಡೆಯದೋ ಎಂಬುದರಲ್ಲಿ ಅವರು ತಪ್ಪಿದ್ದನ್ನು ನಾನು ಎರಡು ವರ್ಷದಲ್ಲಿ ಒಮ್ಮೆ ಮಾತ್ರ ನೋಡಿದೆ. ಅವತ್ತು ಅವರಿಗೆ ನೆಗಡಿಯಾಗಿತ್ತು.

ಹರಿಹರದ ಹೊಳೆದಂಡೆಯಲ್ಲಿ ಗೋಣಿಚೀಲ ಹಾಸಿಕೊಂಡು ಮೀನು ಮಾರುತ್ತಿದ್ದ ಅವರಿಗೆ ಆಗ ಐವತ್ತೈದರ ಆಸುಪಾಸು. ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದೆ. ಮೀನಿನ ಕರುಳಿನಲ್ಲಿ ಯಾವ ಯಾವ ಬ್ಯಾಕ್ಟೀರಿಯಾಗಳು ಬದುಕುತ್ತವೆ, ಅವುಗಳಲ್ಲಿ ನಮ್ಮ ಔಷಧಿಗಳಿಗೆ ಜಗ್ಗದಂಥವು ಇವೆಯೇ ಎಂದು ನೋಡುವುದು ನನ್ನ ವಿಷಯ. ಪ್ರತಿ ಮಂಗಳವಾರ ಬೆಳಿಗ್ಗೆ ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯಿಂದ ಸ್ಕೂಟಿಗೆ ಐಸ್ ಡಬ್ಬಿ ಕಟ್ಟಿಕೊಂಡು ಹರಿಹರಕ್ಕೆ ಹೋಗುತ್ತಿದ್ದೆ. ಮನೆಯೊಳಗೆ ಮೊಟ್ಟೆಯೂ ಬಾರದ ಸಂಸಾರದಲ್ಲಿ ಬೆಳೆದವಳು ನಾನು. ಮೊದಲ ದಿನ ಮೀನಿನ ಹೊಟ್ಟೆ ಸೀಳುವುದನ್ನು ನೋಡಿ ಹೊಳೆದಂಡೆಯಲ್ಲೇ ವಾಂತಿ ಮಾಡಿಕೊಂಡೆ. ದುರುಗಕ್ಕ ನಗಲಿಲ್ಲ. ನೀರು ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡು, ಚೂರಿಯನ್ನು ನನ್ನ ಕೈಗೇ ಕೊಟ್ಟರು.

"ಮೀನು ಏನು ತಿಂದೈತೆ ಅನ್ನೋದು ಅದರ ಮುಖ ನೋಡಿದ್ರೆ ತಿಳಿಯಲ್ಲ ತಂಗಿ, ಹೊಟ್ಟೆ ಹೇಳ್ತೈತೆ. ಮೆಲ್ಲಕ ಕುಯ್ಯಿ, ಕರುಳು ಹರಿಬಾರದು" ಎಂದರು.

ಅಂದಿನಿಂದ ಅವರೇ ನನ್ನ ಮೊದಲ ಗುರು. ಕಾಲೇಜಿನ ಮೇಷ್ಟ್ರು ಆಮೇಲೆ. ಬ್ಯಾಕ್ಟೀರಿಯಾ ಎಂಬ ಮಾತು ಅವರ ಬಾಯಲ್ಲಿ 'ಬ್ಯಾಟ್ರಿ' ಆಗಿತ್ತು. "ಈ ವಾರ ನಮ್ಮ ಮೀನಿನಾಗೆ ಎಷ್ಟು ಬ್ಯಾಟ್ರಿ ಸಿಕ್ಕವ?" ಎಂದು ಕೇಳುತ್ತಿದ್ದರು. ನಾನು ಎಣಿಕೆ ಹೇಳಿದರೆ ಗಿರಾಕಿಗಳ ಮುಂದೆ ಮಾತ್ರ ಹೇಳಬ್ಯಾಡ ಎಂದು ಕಣ್ಣು ಮಿಟುಕಿಸುತ್ತಿದ್ದರು. ಆದರೆ ಚರಂಡಿ ಕಡೆಯ ಮೀನನ್ನು ಅವರು ಎಂದೂ ಮಾರಿದವರಲ್ಲ. ಬಲೆಗೆ ಬಿದ್ದರೆ ನೀರಿಗೇ ಬಿಡುತ್ತಿದ್ದರು.

ಎರಡನೆಯ ವರ್ಷ ಮೇಷ್ಟ್ರು ಹೊಸ ಕೆಲಸ ಹೇಳಿದರು. ಹೊಳೆಯ ಮೀನನ್ನು ಹೋಲಿಸಿ ನೋಡಲು ಎಲ್ಲಿಯ ಕೊಳೆಯೂ ಸೇರದ ನೀರಿನ ಮೀನು ಬೇಕು, ಚಿಕ್ಕಮಗಳೂರಿನ ಕಡೆ ಬೆಟ್ಟದ ಮೇಲೊಂದು ಕೆರೆ ಇದೆ, ಅಲ್ಲಿಯ ಕಾಡುಮೀನು ತಂದರೆ ಸಾಕು ಎಂದರು. ಅನುಮತಿ ಪತ್ರ ಬಂತು. ಬಲೆ ಹಾಕುವವರು ಬೇಕಲ್ಲ, ದುರುಗಕ್ಕನನ್ನು ಕೇಳಿದೆ. ಬೆಟ್ಟ ನೋಡಿಲ್ಲ, ಬರ್ತೀನಿ ಎಂದು ಸಂಭ್ರಮದಿಂದ ಹೊರಟರು.

ಆ ಕೆರೆಯ ನೀರು ತಳ ಕಾಣುವಷ್ಟು ತಿಳಿಯಾಗಿತ್ತು. ಸೊಂಟದವರೆಗೆ ಇಳಿದು ದುರುಗಕ್ಕ ಬಲೆ ಎಳೆದರು. ದಡದಲ್ಲಿ ತೋಟದ ಕೆಲಸದ ಹೆಂಗಸರು ಮೀನು ಕುಯ್ದು ಸೋಸುತ್ತಾ ಕೂತಿದ್ದರು, ನಮಗೆ ಚಹಾ ಕಾಸಿ ಕೊಟ್ಟರು. ನಾನು ಕೈಗವಸು ಹಾಕಿಕೊಂಡಿದ್ದೆ. ನನ್ನ ಕೈಯ ಬ್ಯಾಕ್ಟೀರಿಯಾ ಮೀನಿನ ಸ್ಯಾಂಪಲ್ಲಿಗೆ ಸೇರಬಾರದು ಎಂಬುದಷ್ಟೇ ಅದರ ಉದ್ದೇಶ. ಮೀನಿನದು ನಮಗೆ ಸೇರಬಾರದು ಎಂಬ ಯೋಚನೆ ಬರಲೇ ಇಲ್ಲ. ಅಂಥ ನೀರಿನಲ್ಲಿ ಏನಿದ್ದೀತು? ದುರುಗಕ್ಕನಿಗೆ ಕೈಗವಸು ಕೊಡಲಿಲ್ಲ. ಬಲೆಯಿಂದ ಒಂದು ಮೀಸೆಮೀನನ್ನು ಬಿಡಿಸುವಾಗ ಅದರ ಮುಳ್ಳು ಅವರ ಬಲಗೈಯ ತೋರುಬೆರಳಿನ ಬುಡಕ್ಕೆ ಆಳವಾಗಿ ಚುಚ್ಚಿತು. ಅವರು ಬೆರಳು ಬಾಯಲ್ಲಿಟ್ಟುಕೊಂಡು ಚೀಪಿ ಉಗಿದರು, ಚಹಾ ಕೊಟ್ಟ ಹೆಂಗಸಿನಿಂದ ಅರಿಶಿನ ಕೇಳಿ ಹಚ್ಚಿಕೊಂಡರು. ನಾನು ಮೀನುಗಳನ್ನು ಐಸಿನಲ್ಲಿಡುವುದರಲ್ಲಿ ಮುಳುಗಿದ್ದೆ.

ಲ್ಯಾಬಿನಲ್ಲಿ ಒಂದು ಪರೀಕ್ಷೆ ಇದೆ. ಬ್ಯಾಕ್ಟೀರಿಯಾ ಬೆಳೆದ ತಟ್ಟೆಯ ಮೇಲೆ ಬೇರೆ ಬೇರೆ ಔಷಧಿ ಹಚ್ಚಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಔಷಧಿಗೆ ಅವು ಸತ್ತರೆ ಬಿಲ್ಲೆಯ ಸುತ್ತ ತಿಳಿಯಾದ ಬಳೆ ಮೂಡುತ್ತದೆ. ಬೆಟ್ಟದ ಮೀನಿನ ತಟ್ಟೆಯಲ್ಲಿ ನಾಲ್ಕು ಬಿಲ್ಲೆಗಳ ಸುತ್ತ ಬಳೆಯೇ ಇರಲಿಲ್ಲ. ಮೇಷ್ಟ್ರು ನಂಬಲಿಲ್ಲ. ನಿನ್ನ ಕೈಯದೇ ಸೇರಿರಬೇಕು, ಮತ್ತೆ ಮಾಡು ಎಂದರು. ಮತ್ತೆ ಮಾಡಿದೆ. ಮತ್ತೂ ಅದೇ. ಆ ಮಂಗಳವಾರ ಹರಿಹರಕ್ಕೆ ಹೋಗುವುದನ್ನೂ ಬಿಟ್ಟು ತಟ್ಟೆಗಳ ಮುಂದೆ ಕೂತೆ. ನನ್ನ ತಪ್ಪು ಎಲ್ಲಿ ಎಂದು ಹುಡುಕುತ್ತಿದ್ದೆನೇ ಹೊರತು ಆ ಮುಳ್ಳು ನನ್ನ ನೆನಪಿಗೆ ಬರಲಿಲ್ಲ.

ಮುಂದಿನ ಮಂಗಳವಾರ ಹೋದಾಗ ಅವರು ಗೋಣಿಚೀಲ ಹಾಸುವ ಜಾಗ ಖಾಲಿ ಇತ್ತು. ಮನೆ ಹುಡುಕಿಕೊಂಡು ಹೋದೆ. ದುರುಗಕ್ಕ ಗೋಡೆಗೆ ಒರಗಿ ಕೂತಿದ್ದರು. ಬಲಗೈ ಮೊಣಕೈವರೆಗೆ ಊದಿ ಕೆಂಪಾಗಿತ್ತು, ಮೈ ಸುಡುತ್ತಿತ್ತು. ಅವರಿಗೆ ಸಕ್ಕರೆ ಕಾಯಿಲೆ ಇತ್ತೆಂಬುದು ನನಗೆ ಗೊತ್ತಾದದ್ದೇ ಅವತ್ತು. ಮೆಡಿಕಲ್ ಶಾಪಿನಿಂದ ತಂದ ಮಾತ್ರೆ ನುಂಗುತ್ತಿದ್ದೀನಿ, ಇಳಿತೈತೆ ಎಂದರು. ಮಾತ್ರೆಯ ಪಟ್ಟಿಯನ್ನು ತಿರುಗಿಸಿ ಹೆಸರು ಓದಿದೆ. ಬಳೆ ಮೂಡದ ನಾಲ್ಕರಲ್ಲಿ ಅದೂ ಒಂದು.

ಅವರ ಸೊಸೆ ಲಕ್ಷ್ಮಿ ಮತ್ತು ನಾನು ಆಟೋದಲ್ಲಿ ದಾವಣಗೆರೆಯ ಆಸ್ಪತ್ರೆಗೆ ಕರೆತಂದೆವು. ನಾನು ಔಷಧಿಗಳ ಪಟ್ಟಿ ಬರೆದು ಡಾಕ್ಟರಿಗೆ ಕೊಟ್ಟೆ, ಇವು ನಾಲ್ಕು ಬೇಡ, ಇವೆರಡಕ್ಕೆ ಆ ಬ್ಯಾಕ್ಟೀರಿಯಾ ಸಾಯುತ್ತವೆ ಎಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರೂ ಪಟ್ಟಿ ಓದಿ ಇಂಜೆಕ್ಷನ್ ಬದಲಿಸಿದರು, ಕೀವನ್ನು ಪರೀಕ್ಷೆಗೆ ಕಳಿಸಿದರು. ಪ್ರಾಣ ಉಳಿಯಿತು, ಕೈಯೂ ಉಳಿಯಿತು. ತೋರುಬೆರಳು, ನಡುಬೆರಳು ಉಳಿಯಲಿಲ್ಲ.

ಕೀವಿನಲ್ಲಿ ಸಿಕ್ಕಿದ್ದು ನನ್ನ ತಟ್ಟೆಯ ಜಾತಿಯದೇ. ಹಾಗಿದ್ದೂ ಅದು ಬೆಟ್ಟದಿಂದಲೇ ಬಂತೆಂದು ಹೇಳಲಾಗದು, ದಿನಾ ಹೊಳೆಯಲ್ಲಿ ಕೈಯಾಡಿಸುವವರು ಎಂದು ಡಾಕ್ಟರು ನನ್ನನ್ನು ಸಮಾಧಾನಪಡಿಸಿದರು. ಆ ಸಮಾಧಾನವನ್ನು ನನಗೆ ಇಂದಿಗೂ ಒಪ್ಪಿಕೊಳ್ಳಲು ಆಗಿಲ್ಲ.

ವಾರ್ಡಿನಲ್ಲಿ ಅವರ ಪಕ್ಕ ಕೂತು ನಡೆದದ್ದನ್ನೆಲ್ಲ ಹೇಳಿದೆ. ತಟ್ಟೆ, ಬಿಲ್ಲೆ, ನಾನು ಕೊಡದ ಕೈಗವಸು. ಬಯ್ಯಲಿ ಎಂದು ಕಾದೆ. ಅವರು ಕೇಳಿದ್ದು ಬೇರೆಯದೇ.

"ಅಲ್ಲಿ ದಡದಾಗೆ ಮೀನು ಸೋಸ್ತಿದ್ರಲ್ಲ, ಆ ಹೆಣ್ಮಕ್ಕಳಿಗೆ ಹೇಳಿದ್ಯಾ?"

ಇನ್ನೂ ಇಲ್ಲ ಎಂದೆ. ಇನ್ನೊಮ್ಮೆ ಖಚಿತ ಮಾಡಿಕೊಳ್ಳಬೇಕು, ಮೇಷ್ಟ್ರು ಒಪ್ಪಬೇಕು, ಮೊದಲು ವಿಜ್ಞಾನದ ಪತ್ರಿಕೆಯಲ್ಲಿ ಲೇಖನ ಅಚ್ಚಾಗಬೇಕು, ಅದಕ್ಕೆ ಮುಂಚೆ ಹೇಳಿ ಜನರನ್ನು ಹೆದರಿಸಬಾರದು ಎಂದು ವಿವರಿಸಿದೆ.

"ಅದು ಅಚ್ಚಾಗೋತನಕ ಅವರು ಮೀನು ಕುಯ್ಯಾದು ನಿಲ್ಲಿಸ್ತಾರೇನು?" ಎಂದು ಕೇಳಿ, ದುರುಗಕ್ಕ ಗೋಡೆಯ ಕಡೆ ಹೊರಳಿ ಮಲಗಿದರು. ನನ್ನ ಮೇಲೆ ಅವರು ಮುನಿದದ್ದು ಅದೊಂದೇ ಸಲ.

ಆಸ್ಪತ್ರೆಯಿಂದ ಮನೆಗೆ ಹೋದ ಮೇಲೂ ಅವರನ್ನು ನೋಡಲು ಹೋಗುತ್ತಿದ್ದೆ. ಎಡಗೈಯಲ್ಲಿ ಚೂರಿ ಹಿಡಿಯುವುದನ್ನು ಕಲಿಯುತ್ತಿದ್ದರು. ಪ್ರತಿ ಸಲವೂ ಹೇಳಿದ್ಯಾ ಎಂದು ಕೇಳುತ್ತಿದ್ದರು, ಪ್ರತಿ ಸಲವೂ ನಾನು ಇನ್ನು ಸ್ವಲ್ಪ ದಿನ ಎನ್ನುತ್ತಿದ್ದೆ. ಒಂದು ದಿನ ಕೇಳುವುದನ್ನು ನಿಲ್ಲಿಸಿದರು. ಬದಲಿಗೆ ಚಿಕ್ಕಮಗಳೂರಿಗೆ ಬಸ್ಸು ಎಲ್ಲಿ ಬದಲಿಸಿದ್ದೆವು, ಅಲ್ಲಿಂದ ಜೀಪು ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರು. ಹಳೆಯ ಪ್ರವಾಸವನ್ನು ನೆನಪಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ನಾನೇ ಒಂದು ಚೀಟಿಯಲ್ಲಿ ಎಲ್ಲ ಬರೆದೂ ಕೊಟ್ಟೆ. ನಾವಿಬ್ಬರು ಕೊನೆಯ ಸಲ ಕೂತು ಮಾತಾಡಿದ್ದು ಅವತ್ತೇ.

ಮಳೆಗಾಲ ಮುಗಿಯುವ ಹೊತ್ತಿಗೆ ಲಕ್ಷ್ಮಿ ಫೋನ್ ಮಾಡಿದಳು. ಬೆಳಿಗ್ಗೆ ಎದೆ ನೋವು ಎಂದರಂತೆ, ಆಟೋ ಬರುವಷ್ಟರಲ್ಲಿ ಹೋಗಿಬಿಟ್ಟರಂತೆ. ಲೇಖನ ಅಚ್ಚಾಗಿದ್ದು ಅದಾದ ಮೂರು ತಿಂಗಳಿಗೆ. ಕೊನೆಯಲ್ಲಿ ಕೃತಜ್ಞತೆಯ ಸಾಲಿನಲ್ಲಿ ಅವರ ಹೆಸರಿತ್ತು. ಅದನ್ನು ಓದಿ ಹೇಳೋಣವೆಂದರೆ ಹರಿಹರದಲ್ಲಿ ಅವರೇ ಇರಲಿಲ್ಲ.

ಆಗ ನಾನು ಬೆಟ್ಟಕ್ಕೆ ಹೋದೆ. ಒಂದು ಚೀಲದ ತುಂಬ ರಬ್ಬರ್ ಕೈಗವಸು ತೆಗೆದುಕೊಂಡು ಒಬ್ಬಳೇ ಹೋದೆ. ಕೆರೆಯ ದಡದಲ್ಲಿ ಚಹಾ ಕೊಟ್ಟಿದ್ದ ಹೆಂಗಸು ಸಿಕ್ಕಳು. ಹೇಗೆ ಮಾತು ಶುರು ಮಾಡುವುದೆಂದು ತಿಳಿಯದೆ, ಕೈಗೆ ಗಾಯವಿದ್ದಾಗ ಮೀನು ಮುಟ್ಟಬಾರದು, ಮುಳ್ಳು ಚುಚ್ಚಿ ಊದಿಕೊಂಡರೆ ಅಂಗಡಿಯ ಮಾತ್ರೆ ನುಂಗದೆ ಆಸ್ಪತ್ರೆಗೆ ಹೋಗಬೇಕು ಎಂದು ಒಂದೇ ಉಸಿರಿಗೆ ಹೇಳತೊಡಗಿದೆ.

ಅವಳು ನನ್ನನ್ನು ತಡೆದಳು. ಅದೆಲ್ಲ ನಮಗೆ ಗೊತ್ತು, ನಿಮ್ಮ ಜೊತೆ ಬಂದಿದ್ದ ಅಮ್ಮ ಮಳೆಗಾಲದಲ್ಲಿ ಬಂದು ಹೇಳಿಹೋದರಲ್ಲ ಎಂದಳು. ಎರಡು ದಿನ ಇಲ್ಲೇ ತೋಟದ ಕೆಲಸದವರ ಲೈನ್ ಮನೆಯಲ್ಲಿದ್ದರಂತೆ. ಮನೆಮನೆಗೂ ಹೋಗಿ ತಮ್ಮ ಕೈ ತೋರಿಸಿ ಹೇಳಿದರಂತೆ. ಮಕ್ಕಳು ಹೆದರಿದರೂ ಬಿಡಲಿಲ್ಲವಂತೆ.

ಅವಳು ನನ್ನ ಕೈಯಿಂದ ಚೀಲ ಇಸಿದುಕೊಂಡಳು. ನನ್ನ ಹಿಂದೆ ದಾರಿಯ ಕಡೆ ಒಮ್ಮೆ ನೋಡಿದಳು.

"ಕೈ ವಾಸಿಯಾದ ಮೇಲೆ ಮತ್ತೆ ಬರ್ತೀನಿ ಅಂದಿದ್ರು. ಈ ಸಲ ಯಾಕೆ ಕರ್ಕೊಂಡು ಬರಲಿಲ್ಲ?"